ಕುವೈತಿನ ಹಿಮಗಾಡಿಗೆ ಭಾವನ ಪ್ಲಗ್ಗು

ಮೂವತ್ತೈದು ದಿನಾರು! ಕುವೈತಿನಲ್ಲಿ ಕುಳಿತು, ಹಿಮದ ಮೇಲಷ್ಟೇ ಓಡುವ ಸ್ನೋಮೊಬೈಲಿಗೆ ನನ್ನ ಭಾವ ಕೊಟ್ಟ ಬೆಲೆ ಇದು. ರುಮೈಥಿಯಾದ ಒಂದು ವಿಲ್ಲಾದವರು ಶೆಡ್ಡು ಖಾಲಿ ಮಾಡುತ್ತಿದ್ದರು. ಯಾವ ಕಾಲದಲ್ಲಿ ಯಾವ ಮಗ ಯಾವ ದೇಶದಿಂದ ತರಿಸಿದ್ದನೋ, ಅವರಿಗೂ ಅದು ಬೇಡದ ವಸ್ತು. ನಾನು ಜೊತೆಗಿದ್ದರೆ ಅವರಿಂದಲೇ ಐದು ದಿನಾರು ಇಸಿದುಕೊಂಡು ಪಿಕಪ್ಪಿಗೆ ಹೇರಿಸಿಕೊಂಡು ಬರುತ್ತಿದ್ದೆ. ಭಾವ ಚೌಕಾಸಿಯನ್ನೇ ಮಾಡಲಿಲ್ಲ! ನನಗೆ ಕೋಪ ಬರಿಸುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಅದನ್ನೇ ವೃತ್ತಿ ಮಾಡಿಕೊಂಡು, ಒಂದು ದಿನವೂ ರಜೆ ಹಾಕದೆ ನಡೆಸಿಕೊಂಡು ಬಂದವರು ಇವರೊಬ್ಬರೇ.

ಭಾವ ಅಂದರೆ ನನ್ನ ಅಕ್ಕನ ಗಂಡ, ನನ್ನ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. ಕಳೆದ ಬೇಸಿಗೆಯಲ್ಲಿ ಸಣ್ಣದಾಗಿ ಪಾರ್ಶ್ವವಾಯು ತಾಗಿ ಅವರ ಬಲಗೈ ಸೋತಿತು. ಚೇತರಿಸಿಕೊಂಡು ಬಂದವರೇ ಒಬ್ಬ ಗಿರಾಕಿಯ ಕಾರಿಗೆ ಸ್ಪಾರ್ಕ್ ಪ್ಲಗ್ಗನ್ನು ಓರೆಯಾಗಿ ಬಿಗಿಸಿ ಎಂಜಿನ್ನಿನ ಥ್ರೆಡ್ಡನ್ನೇ ಕೆಡಿಸಿಬಿಟ್ಟರು. ಆ ಗಿರಾಕಿ ಬೈದದ್ದು ಅರಬಿಯಲ್ಲಾದರೂ ನನಗೆ ಒಂದಕ್ಷರ ಬಿಡದೆ ಅರ್ಥವಾಯಿತು. ಇನ್ನು ಗಾಡಿ ಮುಟ್ಟುವುದು ಬೇಡ, ಕೌಂಟರಿನಲ್ಲಿ ಕುಳಿತು ಬಿಲ್ಲು ಬರೆಯಿರಿ ಎಂದೆ. ಬಿಲ್ಲು ಬರೆಯುವುದಾದರೆ ಇಕಾಮಾ ಮುಗಿದ ಕೂಡಲೇ ಊರಿಗೆ ಹೋಗುತ್ತೇನೆ ಎಂದರು. ಇಲ್ಲಿರಲು ಬೇಕಾದ ಆ ಪರವಾನಗಿ ಮುಗಿಯಲು ಹೆಚ್ಚು ಸಮಯವೂ ಇರಲಿಲ್ಲ. ಅಕ್ಕನಿಗೆ ಇಲ್ಲಿ ಆಸ್ಪತ್ರೆಯ ಕೆಲಸ. ಭಾವ ಹೊರಟರೆ ಫಿಂಟಾಸಿನ ಫ್ಲ್ಯಾಟಿನಲ್ಲಿ ಅವಳೊಬ್ಬಳೇ.

ಇಂಥ ಹೊತ್ತಿನಲ್ಲಿ ಹಿಮಗಾಡಿ ಖರೀದಿ! ಅದೂ ನನ್ನ ಪಿಕಪ್ ನಿಲ್ಲುವ ನೆರಳಿನ ಜಾಗದಲ್ಲೇ ಬಂದು ಕೂತಿತು. ಇಲ್ಲಿ ನೆರಳಿನ ಬೆಲೆ ಬಲ್ಲವರಿಗೆ ನನ್ನ ಹೊಟ್ಟೆ ಉರಿದದ್ದು ಅರ್ಥವಾದೀತು. ಪಕ್ಕದ ಪೇಂಟಿಂಗ್ ಅಂಗಡಿಯ ಪಠಾಣ ದಿನಾ ಬೆಳಿಗ್ಗೆ ಆಕಾಶ ನೋಡಿ, ಭಾಯಿ, ಹಿಮ ಇವತ್ತು ಬೀಳುತ್ತದೆಯೋ ಎಂದು ಹಿಂದಿಯಲ್ಲಿ ಕೇಳುತ್ತಿದ್ದ. ಶುಕ್ರವಾರದ ನಮಾಜು ಮುಗಿಯಲಿ, ಆಮೇಲೆ ಬೀಳುತ್ತದೆ ಎಂದು ಭಾವ ಗಂಭೀರವಾಗಿ ಉತ್ತರಿಸುತ್ತಿದ್ದರು. ನಗುವುದು ಅವರಿಬ್ಬರು, ಕಾದ ಸ್ಟಿಯರಿಂಗ್ ಹಿಡಿದು ಅಂಗೈ ಸುಟ್ಟುಕೊಳ್ಳುವುದು ನಾನು!

ಆ ಎಂಜಿನ್ನು ತಣ್ಣಗಿರಬೇಕಾದರೆ ಅಡಿಯಿಂದ ಹಿಮ ಚಿಮ್ಮುತ್ತಿರಬೇಕಂತೆ. ಒಂದು ಶುಕ್ರವಾರ ಸ್ಟಾರ್ಟ್ ಮಾಡಿದರು, ಕಾದು ಹೊಗೆ ಬಂತು. ನಾನು ಮಾರ್ಕೆಟಿನಿಂದ ಅಂಜಲ್ ಮೀನು ತಂದಿದ್ದೆ. ಅದರ ಡಬ್ಬದಲ್ಲಿದ್ದ ಐಸನ್ನೆಲ್ಲ ಗಾಡಿಯ ಹೊಟ್ಟೆಯಡಿಗೆ ಸುರಿದರು. ಎಂಜಿನ್ ತಣ್ಣಗಾಯಿತು, ಅಂಜಲ್ ಬಿಸಿಯಾಯಿತು, ಅಂಜಲಿಗಿಂತ ನಾನು ಬಿಸಿಯಾದೆ.

ಇಷ್ಟನ್ನೂ ಸಹಿಸುತ್ತಿದ್ದೆನೇನೋ. ಪ್ಲಗ್ ಹೊಂದಿಸುವ ಹುಚ್ಚು ಮಾತ್ರ ಸಹಿಸಲಾಗಲಿಲ್ಲ. ಆ ಎಂಜಿನ್ನಿಗಿರುವುದು ಎರಡೇ ಪ್ಲಗ್ಗು. ಹಳೆಯದು ಬಿಚ್ಚಿ ಹೊಸದು ಹಾಕಿದರೆ ಖಲಾಸ್. ಭಾವ ಮಾಡುತ್ತಿದ್ದದ್ದೇನು ಗೊತ್ತೇ? ಕಿಡಿ ಹಾರುವ ಸಂದು ಯಾವ ಕಡೆಗಿದೆಯೆಂದು ನೋಡಿ, ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆಯುವುದು. ಬಿಗಿಸುವುದು. ಗೆರೆ ತಾವು ಎಣಿಸಿದ ದಿಕ್ಕಿಗೆ ನಿಲ್ಲದಿದ್ದರೆ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ತಾಮ್ರದ ವಾಷರ್ ಹಾಕಿ ಮತ್ತೆ ಬಿಗಿಸುವುದು. ಎರಡೂ ಸಂದುಗಳು ಒಂದೇ ಕಡೆ ಮುಖ ಮಾಡಬೇಕಂತೆ! ಇದು ರೇಸಿನವರ ಶೋಕಿ. ಓಡಲು ಜಾಗವೇ ಇಲ್ಲದ ಗಾಡಿಗೆ ಯಾಕೆ? ಕೊನೆಗೆ ಒಂದು ದಿನ ಎರಡೂ ಗೆರೆ ಸರಿಯಾಗಿ ನಿಂತವು. ಭಾವ ತೃಪ್ತಿಯಿಂದ ನೋಡಿದರು, ಮತ್ತೆ ಬಿಚ್ಚತೊಡಗಿದರು! ಸ್ಪ್ಯಾನರನ್ನು ಕೈಯಿಂದ ಕಿತ್ತುಕೊಂಡೆ.

"ಎಂತ ಭಾವ ಇದು? ಸರಿ ಕೂತದ್ದನ್ನು ಬಿಚ್ಚುವುದಾ? ತಲೆ ಸರಿ ಉಂಟಲ್ಲ ನಿಮ್ಮದು?"

"ತಲೆ ಸರಿ ಉಂಟು ಮಾರಾಯ. ಕೈ ಸರಿ ಆಯ್ತಾ ಅಂತ ನೋಡುವುದು."

"ಅದಕ್ಕೆ ಇದೇ ಬೇಕಿತ್ತಾ? ಒಂದು ಹಳೇ ಕಾರು ಸಿಕ್ತಿರಲಿಲ್ವಾ?"

"ಕಾರಾದರೆ ಸ್ಟಾರ್ಟ್ ಆದ ಕೂಡಲೇ ನೀನು ಯಾರಿಗಾದರೂ ಮಾರ್ತಿ. ನನ್ನ ಕೈ ತಪ್ಪಿದ್ದು ಗೊತ್ತಾಗುವಾಗ ಅವ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರೋಡಲ್ಲಿ ನಿಂತಿರ್ತಾನೆ. ಇದು ನಿಂತರೆ ಯಾರಿಗೆ ನಷ್ಟ, ಹೇಳು?"

ಸ್ಪ್ಯಾನರ್ ಹಿಂದೆ ಕೊಟ್ಟೆ. ಅವರು ಅದನ್ನು ಬದಿಗಿಟ್ಟು, ಪ್ಲಗ್ಗನ್ನು ಬರಿ ಬೆರಳಿನಲ್ಲಿ ತಿರುಗಿಸತೊಡಗಿದರು. ಬೆರಳು ನಡುಗಿತು, ಪ್ಲಗ್ ಓರೆಯಾಯಿತು. ಬಲವಂತ ಮಾಡಲಿಲ್ಲ. ಹೊರತೆಗೆದು, ಅಂಗಿಯ ತುದಿಗೆ ಒರೆಸಿ, ಮತ್ತೆ ಮೊದಲಿನಿಂದ ಕೂರಿಸಿದರು. ಈ ಸಲ ಅದು ನೆಟ್ಟಗೆ ಇಳಿಯಿತು.

ಮರುದಿನ ಪಿಕಪ್ಪಿನ ಬಾನೆಟ್ ಎತ್ತಿ ಹೊಸ ಪ್ಲಗ್ಗುಗಳನ್ನು ಅವರ ಮುಂದಿಟ್ಟೆ. ಗಿರಾಕಿಯ ಪಿಕಪ್ಪಲ್ಲ, ನನ್ನದೇ. ಮನಸ್ಸು ಕರಗಿತೆಂದು ವ್ಯಾಪಾರ ಮರೆಯುವವನು ನಾನಲ್ಲ! ಅಕ್ಕನನ್ನು ಇವತ್ತು ಡ್ಯೂಟಿಗೆ ಇದರಲ್ಲೇ ಬಿಡುತ್ತೇನೆ ಎಂದೆ. ಭಾವ ಕೈಯನ್ನು ಎರಡೆರಡು ಸಲ ಒರೆಸಿಕೊಂಡು, ಒಂದೊಂದನ್ನೂ ಬೆರಳಿನಲ್ಲೇ ಶುರುಮಾಡಿ ಕೂರಿಸಿದರು. ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಅಲ್ಲಿಂದಲೇ ನಮ್ಮ ವೀಸಾಕ್ಕೆ ಜವಾಬ್ದಾರನಾದ ಕಫೀಲನಿಗೆ ಫೋನು ಮಾಡಿ ಭಾವನ ಇಕಾಮಾ ಮುಂದುವರಿಸಲು ಹೇಳಿದೆ.

ಈಗ ನಿಮಗೆ ನಾಲ್ಕು ಮಾತು. ಎಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಿ. ಕೂರಿಸುವಾಗ ಮೊದಲ ಸುತ್ತುಗಳು ಬೆರಳಿನಲ್ಲೇ ಆಗಲಿ. ತಡೆದರೆ ಒತ್ತಬೇಡಿ, ಹೊರತೆಗೆದು ಮತ್ತೆ ಶುರುಮಾಡಿ. ನಿಮ್ಮ ಪಕ್ಕದಲ್ಲಿ ಯಾರಾದರೂ ಅದನ್ನು ಬಹಳ ನಿಧಾನವಾಗಿ ಮಾಡುತ್ತಿದ್ದರೆ ಅವಸರ ಮಾಡದೆ ಟಾರ್ಚು ಹಿಡಿದು ನಿಲ್ಲಿ. ಸ್ವಲ್ಪ ಹೊತ್ತಿಗೆ ನಿಮ್ಮ ಕೈಯೂ ನಡುಗುತ್ತದೆ. ನಡುಗಲಿ, ನಿಲ್ಲಿ.