ಪರದೆ ಮಾತ್ರ ನಂದು

ಹೋಟೆಲ್ ಮಾಲೀಕರು ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಟೈಲರ ಅಂಗಡಿಗೆ ಬಂದದ್ದೇ ಎಲ್ಲದಕ್ಕೂ ಮೂಲ. ಎರಡು ಇಂಚು ಬಿಡಿಸಿಕೊಂಡು, ಹಾಯಾಗಿ ಉಸಿರು ಬಿಟ್ಟು, ತಾವೊಂದು ಹೊಸ ಹೋಟೆಲು ತೆರೆಯುತ್ತಿರುವುದಾಗಿಯೂ ಅದರ ಇಪ್ಪತ್ತೆರಡು ಕಿಟಕಿಗೂ ಎಂಟು ಬಾಗಿಲಿಗೂ ಪರದೆ ಹೊಲಿಯುವವರನ್ನು ಹುಡುಕುತ್ತಿರುವುದಾಗಿಯೂ ಹೇಳಿದರು. ಟೈಲರು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ನುಂಗದೆ ಉಳಿದದ್ದು ಪುಣ್ಯ. ರೆಡಿಮೇಡ್ ಬಟ್ಟೆ ಬಂದ ಮೇಲೆ ಅವರ ಅಂಗಡಿಗೆ ಬರುತ್ತಿದ್ದದ್ದು ಕೆಟ್ಟ ಜಿಪ್ಪು, ಕಳಚಿದ ಗುಂಡಿ, ದಪ್ಪಗಾದ ಸೊಂಟ, ಇಷ್ಟೇ. ಹೊಸ ಬಟ್ಟೆಯ ರುಚಿ ಹೇಗಿರುತ್ತದೆಂಬುದು ಕತ್ತರಿಗೇ ಮರೆತುಹೋಗಿತ್ತು.

"ಆದ್ರೆ ಅಂಗಡೀಲಿ ಬಿಡಿಸಿ ತೋರಿಸಿದ್ರೆ ನಾನು ಒಪ್ಪಲ್ಲ," ಎಂದರು ಮಾಲೀಕರು. "ಒಂದು ಮನೇಲಿ ತೂಗುಹಾಕಿರೋದನ್ನ ನೋಡ್ಬೇಕು. ಮುಂದಿನ ಸೋಮವಾರ ಸಂಜೆ ಐದಕ್ಕೆ ನಿಮ್ಮನೆಗೇ ಬರ್ತೀನಿ."

ಟೈಲರು ವಾರವಿಡೀ ಕೂತು ತಮ್ಮ ಮನೆಯ ಮುಂದಿನ ಕೋಣೆಗೆ ಪರದೆ ಹೊಲಿದರು. ತಿಳಿ ಹಸಿರು ಬಟ್ಟೆ, ಹಿಂದೆ ಬಿಳಿಯ ಅಸ್ತರು, ಅಳೆದು ಹಿಡಿದ ನೆರಿಗೆ. ಗಾಳಿಗೆ ಹಾರಾಡದಿರಲೆಂದು ಕೆಳಗಿನ ಮಡಿಕೆಯೊಳಗೆ ಸಣ್ಣ ಸರಪಳಿ. ಸೋಮವಾರ ಬೆಳಿಗ್ಗೆ ತೂಗುಹಾಕಿದಾಗ ಅದು ನೆಲದಿಂದ ಸರಿಯಾಗಿ ಒಂದು ಬೆರಳು ಮೇಲಕ್ಕೆ ನಿಂತಿತು, ಕಿಟಕಿಯ ಬಿಸಿಲು ಸೋಸಿಕೊಂಡು ಒಳಗೆ ಬಂತು. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಹೆಂಡತಿ ಅದನ್ನು ನೋಡಿ, ಕಸ ಗುಡಿಸಿ ಕುರ್ಚಿ ಒರೆಸಿದರೆ ಸಾಕು, ಬೇರೆ ಯಾವ ಉಸಾಬರಿಗೂ ಹೋಗಬೇಡಿ ಎಂದು ಹೇಳಿ ಕೆಲಸಕ್ಕೆ ಹೊರಟಳು.

ಟೈಲರಿಗೂ ಉಸಾಬರಿ ಬೇಕಿರಲಿಲ್ಲ. ಉಸಾಬರಿಯೇ ಎದುರುಮನೆಯಿಂದ ಎದ್ದು ಬಂತು.

ಎದುರುಮನೆಯಲ್ಲಿದ್ದವರು ಡ್ರಾಯಿಂಗ್ ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕಂಡದ್ದನ್ನೆಲ್ಲ ತಿದ್ದುವ ಚಟ ಬಿಟ್ಟಿರಲಿಲ್ಲ. ಓದಲು ಒಯ್ದಿದ್ದ ಪತ್ರಿಕೆಯನ್ನು ವಾಪಸು ಕೊಡಲು ಬಂದವರು ಪರದೆಯತ್ತ ಕಣ್ಣೂ ಹಾಯಿಸದೆ ಗೋಡೆಯನ್ನು ದಿಟ್ಟಿಸಿದರು. ಗೋಡೆ ಜ್ವರ ಬಿಟ್ಟು ಎದ್ದವರ ಮುಖದ ಹಾಗಿದೆ, ಒಂದು ಗೋಡೆಗಾದರೂ ಗಟ್ಟಿ ಬಣ್ಣ ಹೊಡೆಯದಿದ್ದರೆ ಬಂದವರ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ ಎಂದರು. ಟೈಲರು ಹೂಂ ಅನ್ನುವ ಮೊದಲೇ, ಗೇಟಿಗೆ ಬಳಿದು ಮಿಕ್ಕಿದ್ದ ಬಣ್ಣದ ಡಬ್ಬಿಯನ್ನು ಮನೆಯಿಂದ ತಂದರು. ಮುಚ್ಚಳದ ಮೇಲಿನ ಕಾಸಗಲದ ಚುಕ್ಕೆ ಹದವಾದ ಇಟ್ಟಿಗೆ ಬಣ್ಣಕ್ಕಿತ್ತು. ಟೈಲರು ಅದನ್ನು ನೋಡಿ ಒಪ್ಪಿದರು.

ಮುಚ್ಚಳದ ಮೇಲೆ ಸಾಧುವಾಗಿದ್ದ ಬಣ್ಣ ಗೋಡೆ ತುಂಬ ಹರಡಿಕೊಂಡ ಮೇಲೆ ಜಗಳಕ್ಕೆ ನಿಂತವರ ಮುಖದಂತೆ ಕೆಂಪೇರಿತು. ಕಬ್ಬಿಣಕ್ಕೆ ಬಳಿಯುವ ಬಣ್ಣವಾದ್ದರಿಂದ ಕನ್ನಡಿಯ ಹಾಗೆ ಹೊಳೆಯತೊಡಗಿತು ಬೇರೆ. ಒಣಗಿದರೆ ತಣ್ಣಗಾಗುತ್ತದೆ ಎಂದು ಮೇಷ್ಟ್ರು ಫ್ಯಾನು ಹಾಕಿದರು. ಒಣಗುತ್ತ ಒಣಗುತ್ತ ಅದು ಇನ್ನೂ ಕೆಂಪಾಯಿತು.

ಅಷ್ಟಕ್ಕೆ ಬಿಡದೆ ಮೇಷ್ಟ್ರು, ಮನೆಯಲ್ಲಿದ್ದ ನಾಲ್ಕು ಚಿತ್ರಪಟಗಳನ್ನು ಸ್ಟೂಲು ಹತ್ತಿ ಸೂರಿಗೆ ಒಂದು ಗೇಣು ಬಿಟ್ಟು ಸಾಲಾಗಿ ನೇತುಹಾಕಿದರು. ಅಷ್ಟು ಮೇಲೇಕೆ ಎಂದು ಕೇಳಿದ್ದಕ್ಕೆ, ಹಿಂದಿನ ಬೆಂಚಿನವರಿಗೂ ಕಾಣಬೇಡವೇ ಎಂದರು. ಮೂವತ್ತು ವರ್ಷ ತರಗತಿಯಲ್ಲಿ ನಕ್ಷೆ ತೂಗುಹಾಕಿದ ಕೈ. ಈ ಕೋಣೆಯಲ್ಲಿ ಹಿಂದಿನ ಬೆಂಚೂ ಇಲ್ಲ, ಮುಂದಿನ ಬೆಂಚೂ ಇಲ್ಲ, ಇರುವುದು ಎರಡು ಬೆತ್ತದ ಕುರ್ಚಿ ಎಂದು ಹೇಳಲು ಟೈಲರಿಗೆ ನಾಲಗೆ ಏಳಲಿಲ್ಲ.

ಆ ಎರಡು ಕುರ್ಚಿಗಳನ್ನು ನೋಡಿ ನಕ್ಕವನು ಬಾಮೈದ, ಹೆಂಡತಿಯ ಸ್ವಂತ ತಮ್ಮ. ಭಾವನ ಮೇಲೊಂದು ಕಣ್ಣಿಡು ಎಂದು ಅಕ್ಕ ಫೋನು ಮಾಡಿದ್ದಳಂತೆ; ಅವನ ಕಣ್ಣು ಬಂದು ಬಿದ್ದದ್ದು ಕುರ್ಚಿಗಳ ಮೇಲೆ. ಅವನಿದ್ದದ್ದು ಪೀಠೋಪಕರಣದ ಅಂಗಡಿಯಲ್ಲಿ. ಅವನ ಬಾಯಿಗೆ ಸಿಕ್ಕ ಗಿರಾಕಿ ಸ್ಟೂಲು ಕೊಳ್ಳಲು ಬಂದು ಮಂಚ ಹೊತ್ತುಕೊಂಡು ಹೋದದ್ದುಂಟು. ಅಂಗಡಿಯಲ್ಲೊಂದು ಸೋಫಾ ಇದೆ, ಈಗಲೇ ತರಿಸುತ್ತೇನೆ, ಬೇಡವೆನಿಸಿದರೆ ನಾಳೆ ವಾಪಸು ಎಂದು ಫೋನಿನಲ್ಲಿ ಅದರ ಚಿತ್ರ ತೋರಿಸಿದ. ಟೈಲರು ಮೊದಲು ಕೋಣೆಯ ಅಳತೆ ತೆಗೆಯೋಣ ಎಂದು ಟೇಪಿಗೆ ಕೈ ಹಾಕಿದರು.

"ನಿಮಗೆ ಟೇಪ್ ಯಾಕೆ ಭಾವ?" ಎಂದ ಬಾಮೈದ. "ರಸ್ತೇಲಿ ಹೋಗೋರನ್ನ ನೋಡಿ ಸೊಂಟದ ಅಳತೆ ಹೇಳೋರು ನೀವು."

ಟೈಲರು ಉಬ್ಬಿದರು. ಒಂದು ಕಣ್ಣು ಮುಚ್ಚಿ ಚಿತ್ರವನ್ನೂ ಬಾಗಿಲನ್ನೂ ನೋಡಿ, ಸಲೀಸಾಗಿ ಹಿಡಿಯುತ್ತದೆ ಎಂದು ತೀರ್ಪು ಕೊಟ್ಟರು. ಆದರೆ ಮನುಷ್ಯರ ಸೊಂಟವಾದರೆ ಸ್ವಲ್ಪ ಉಸಿರೆಳೆದುಕೊಂಡು ಒಳಗೆ ಹೋಗುತ್ತದೆ. ಸೋಫಾ ಉಸಿರೆಳೆದುಕೊಳ್ಳಲಿಲ್ಲ. ಬಾಗಿಲ ನಡುವೆ ಸಿಕ್ಕಿಕೊಂಡು, ಒಳಗೂ ಬಾರದೆ ಹೊರಗೂ ಹೋಗದೆ ಮುಕ್ಕಾಲು ಗಂಟೆ ಸತಾಯಿಸಿತು. ಮೇಷ್ಟ್ರು ಎಡಕ್ಕೆ ಅನ್ನುವಾಗ ಬಾಮೈದ ಬಲಕ್ಕೆ ಅನ್ನುತ್ತಿದ್ದ. ಒಳಗಡೆ ಸೆರೆಯಾಗಿದ್ದ ಟೈಲರು ಎರಡಕ್ಕೂ ಹೂಂಗುಡುತ್ತಿದ್ದರು. ಕೊನೆಗೆ ಬಾಗಿಲನ್ನೇ ಕೀಲಿನಿಂದ ಬಿಚ್ಚಿ ಗೋಡೆಗೊರಗಿಸಿ ಸೋಫಾವನ್ನು ಒಳಗೆ ನೂಕಿದಾಗ, ಅದು ಕೋಣೆಯನ್ನು ತುಂಬಿ, ಅಡುಗೆಮನೆಯ ದಾರಿಗೂ ಅಡ್ಡವಾಗಿ ಕೂತಿತು. ಬೆತ್ತದ ಕುರ್ಚಿಗಳಿಗೆ ಜಾಗವಿಲ್ಲದೆ ಅವು ಮೇಷ್ಟ್ರ ಮನೆಗೆ ಹೋದವು. ತಮ್ಮಲ್ಲಿ ಭದ್ರವಾಗಿರುತ್ತವೆ ಎಂದರು ಮೇಷ್ಟ್ರು.

ಈ ಗದ್ದಲ ಕೇಳಿ ಕೆಳಗಿನ ಮನೆಯ ನರ್ಸಕ್ಕ ಹತ್ತಿ ಬಂದರು. ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತೈದು ವರ್ಷ ನಿಂತವರು. ಗೋಡೆಯ ಕೆಂಪು ಕಂಡು ಅವರಿಗೇನೂ ಅನ್ನಿಸಲಿಲ್ಲ. ಅವರನ್ನು ಕಾಡಿದ್ದು ನೆರಳು. ಸೋಫಾದ ಮೇಲೆ ಕೂತಿದ್ದ ಬಾಮೈದನ ಗದ್ದ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, ಇಂಥ ಬೆಳಕಿನಲ್ಲಿ ಹೊಲಿಗೆ ಹಾಕುವುದಾದರೂ ಹೇಗೆ ಎಂದು ಕೇಳಿದರು. ತಮ್ಮ ಮಿಷನ್ನು ಅಂಗಡಿಯಲ್ಲಿದೆ ಎಂದರು ಟೈಲರು.

"ನಿಮ್ಮ ಹೊಲಿಗೆ ಅಲ್ಲ ಟೈಲರಣ್ಣ, ನಮ್ಮ ಹೊಲಿಗೆ," ಎಂದರು ನರ್ಸಕ್ಕ.

ಅವರ ಮನೆಯ ಅಂಗಳದಲ್ಲಿದ್ದ ದೊಡ್ಡ ದೀಪ ಮೇಲಕ್ಕೆ ಬಂದು, ಸೋಫಾದ ನಡುನೆತ್ತಿಗೆ ನೇತುಬಿತ್ತು. ಸ್ವಿಚ್ಚು ಹಾಕಿದಾಗ, ಕೆಳಗೆ ಕೂತವರ ಜೇಬಿನಲ್ಲಿ ಏನಿದೆಯೆಂಬುದೂ ಕಾಣುವ ಹಾಗಾಯಿತು. ಆ ಬೆಳಕು ಕೆಂಪು ಗೋಡೆಗೆ ಬಡಿದು ತಿರುಗಿ ಕಣ್ಣಿಗೆ ಹೊಡೆಯಿತು. ಇನ್ನು ಉಳಿದದ್ದು ಪರದೆ. ಅದನ್ನು ಮೊಣಕಾಲುದ್ದಕ್ಕೆ ಮಡಚಿ ಕಟ್ಟಿದರೆ ಲಕ್ಷಣವಾಗಿರುತ್ತದೆಂದು ಮೇಷ್ಟ್ರು ಮುಂದಕ್ಕೆ ಬಂದಾಗ ಟೈಲರು ಸೋಫಾ ಹತ್ತಿ ಇಳಿದು ಕಿಟಕಿಗೆ ಅಡ್ಡ ನಿಂತು, ಅದಕ್ಕೆ ಮಾತ್ರ ಯಾರೂ ಕೈ ಹಚ್ಚಕೂಡದು ಎಂದರು. ಆ ದಿನ ಅವರು ಗಟ್ಟಿಯಾಗಿ ಹೇಳಿದ ಮೊದಲ ಮಾತು ಅದು.

ನಾಲ್ಕೂಮುಕ್ಕಾಲಿಗೆ ಹೆಂಡತಿ ಬಂದಳು. ಬಾಗಿಲಿಲ್ಲದ ಬಾಗಿಲಲ್ಲಿ ಚೀಲ ಹಿಡಿದು ನಿಂತು ಕೋಣೆಯನ್ನೊಮ್ಮೆ ನೋಡಿದಳು. ಅಡುಗೆಮನೆಗೆ ದಾರಿ ಇಲ್ಲದ್ದರಿಂದ ನರ್ಸಕ್ಕನ ಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಅವಳು ಬೈದಿದ್ದರೆ ಟೈಲರಿಗೆ ಅರ್ಧ ಸಮಾಧಾನವಾಗುತ್ತಿತ್ತು.

ಐದಕ್ಕೆ ಸರಿಯಾಗಿ ಮಾಲೀಕರು ಬಂದರು. ಸೋಫಾದಲ್ಲಿ ಕೂತರು ಎನ್ನುವುದಕ್ಕಿಂತ ಇಳಿದರು ಎನ್ನಬೇಕು. ಮಂಡಿ ಎರಡೂ ಗದ್ದದ ಮಟ್ಟಕ್ಕೆ ಬಂದವು. ಬೊಕ್ಕತಲೆಯ ಮೇಲೆ ದೀಪ ಉರಿಯಿತು. ಎದುರಿಗಿದ್ದ ಗೋಡೆ ನೋಡಿ ಕಣ್ಣು ಕಿರಿದು ಮಾಡಿದರು, ಚಿತ್ರಪಟ ನೋಡಲು ಹೋಗಿ ಕತ್ತು ಹಿಡಿದುಕೊಂಡರು. ಚಹಾವನ್ನು ಎರಡೇ ಗುಟುಕಿಗೆ ಮುಗಿಸಿ, ಬಾಮೈದ ಕೈ ಕೊಟ್ಟು ಎಳೆದ ಮೇಲೆ ಎದ್ದು ನಿಂತು ಗಡಿಯಾರ ನೋಡಿಕೊಂಡರು. ಬಂದು ಏಳು ನಿಮಿಷವಾಗಿತ್ತು. ಆಮೇಲೆ ಕೋಣೆಯ ಸುತ್ತ ಕಣ್ಣಾಡಿಸಿ, ಇದೆಲ್ಲ ಯಾರು ಮಾಡಿದ್ದು ಎಂದು ಕೇಳಿದರು.

"ಅವರ ಮನೆ, ಅವರಿಷ್ಟ," ಎಂದರು ಮೇಷ್ಟ್ರು ಸೂರು ನೋಡುತ್ತ. "ನಾವು ಬೇಡ ಅಂತಲೇ ಅಂದ್ವಿ."

ನರ್ಸಕ್ಕ ತಾವು ಈಗ ತಾನೇ ಬಂದದ್ದೆಂದರು. ಬಾಮೈದ ಫೋನಿನಲ್ಲಿ ಮುಖ ಹುದುಗಿಸಿದ. ಟೈಲರಿಗೆ ಬೆಳಗಿನಿಂದ ತಡೆದುಕೊಂಡಿದ್ದದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂತು. ಮೂವತ್ತು ಪರದೆಗಳು ಕಣ್ಣೆದುರೇ ಕೈ ಬಿಟ್ಟು ಹೋಗುತ್ತಿರುವಾಗ ದಾಕ್ಷಿಣ್ಯ ಯಾರಿಗೆ ಬೇಕು?

"ಸಾರ್, ಗೋಡೆ ಮೇಷ್ಟ್ರದು, ಪಟಾನೂ ಮೇಷ್ಟ್ರದೇ. ಸೋಫಾ ನನ್ನ ಬಾಮೈದಂದು. ಲೈಟು ನರ್ಸಕ್ಕಂದು. ಇದ್ಯಾವುದ್ರಲ್ಲೂ ನನ್ನ ಕೈ ಇಲ್ಲ. ಬೇಕಾದ್ರೆ ನನ್ನ ಹೆಂಡತೀನ ಕೇಳಿ. ಪರದೆ ಮಾತ್ರ ನಂದು."

ಮಾಲೀಕರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಇನ್ನೊಮ್ಮೆ ಹೇಳಿಸಿಕೊಂಡು, ಒಂದೊಂದಾಗಿ ಬರೆದುಕೊಂಡರು. ಮೇಷ್ಟ್ರು ಬಾಗಿಲತ್ತ ಒಂದು ಹೆಜ್ಜೆ ಸರಿದರು.

"ನಿಲ್ಲಿ ಮೇಷ್ಟ್ರೇ, ನಿಮ್ಮನ್ನೇ ನಾನು ಹುಡುಕ್ತಿದ್ದದ್ದು," ಎಂದರು ಮಾಲೀಕರು. "ನನ್ನ ಹಳೇ ಹೋಟೆಲಲ್ಲಿ ಜನ ಒಂದು ಚಹಾ ತಗೊಂಡು ಮಧ್ಯಾಹ್ನ ಪೂರ್ತಿ ಕೂತಿರ್ತಾರೆ. ಹೊಸಬರು ಜಾಗ ಇಲ್ದೆ ವಾಪಸ್ ಹೋಗ್ತಾರೆ. ಏಳಿ ಅಂತ ಹೇಳಕ್ಕಾಗತ್ತಾ? ಇಲ್ಲಿ ನೋಡಿ, ಯಾರೂ ಹೇಳ್ದೆ ನಾನೇ ಏಳು ನಿಮಿಷಕ್ಕೆ ಎದ್ದೆ. ಈ ಗೋಡೆ, ಈ ದೀಪ, ಈ ಸೋಫಾ, ಹೀಗೇ ಬೇಕು ನನಗೆ. ಮೂರು ಜನಾನೂ ಬಂದು ಮಾಡಿಕೊಡಿ."

ಮೇಷ್ಟ್ರು ಹಿಂದಕ್ಕೆ ಬಂದು ಗಂಟಲು ಸರಿಮಾಡಿಕೊಂಡು, ಈ ಬಣ್ಣದ ಹಿಂದೆ ಮೂವತ್ತು ವರ್ಷದ ಚಿಂತನೆ ಇದೆಯೆಂದರು. ನರ್ಸಕ್ಕನಿಗೆ ತಾವು ಬೆಳಗಿನಿಂದ ಇಲ್ಲೇ ಇದ್ದದ್ದು ನೆನಪಿಗೆ ಬಂತು. ಬಾಮೈದ ಸೋಫಾದ ಬೆನ್ನು ನೇವರಿಸಿದ.

ಟೈಲರು ಮೆಲ್ಲಗೆ, ಪರದೆಯ ವಿಷಯ ಏನು ಸಾರ್ ಎಂದು ಕೇಳಿದರು.

ಮಾಲೀಕರು ಕಿಟಕಿಯ ಹತ್ತಿರ ಹೋಗಿ ಬಟ್ಟೆ ಮುಟ್ಟಿ ನೋಡಿದರು, ನೆರಿಗೆ ಎಣಿಸಿದರು, ಬಗ್ಗಿ ಕೆಳಗಿನ ಮಡಿಕೆಯನ್ನೂ ನೋಡಿದರು.

"ಇಂಥ ಕೆಲಸ ನಾನು ಎಲ್ಲೂ ನೋಡಿಲ್ಲ," ಎಂದರು. "ಇಡೀ ಮನೇಲಿ ಕಣ್ಣಿಗೆ ತಂಪು ಅಂದ್ರೆ ಇದೊಂದೇ. ಅದಕ್ಕೇ ಬೇಡ ಅಂತಿದೀನಿ. ಇದನ್ನ ಹಾಕಿದ್ರೆ ಒಬ್ಬನೂ ಎದ್ದು ಹೋಗಲ್ಲ."

ಹೊಸ ಹೋಟೆಲಿನ ಜಾಗ ನೋಡಲು ಮೂವರೂ ಮಾಲೀಕರ ಕಾರಿನಲ್ಲೇ ಹೊರಟರು. ಸೋಫಾವನ್ನು ಹೊರಗೆ ಹಾಕಲು, ಬಾಗಿಲನ್ನು ಕೀಲಿಗೆ ಕೂರಿಸಲು ಒಂದು ಕೈಯೂ ಉಳಿಯಲಿಲ್ಲ. ಗಂಡಹೆಂಡಿರು ಆ ಕೆಂಪು ಬೆಳಕಿನಲ್ಲಿ ಕೂತಿರುವಾಗ ಕಾರು ವಾಪಸು ಬಂದ ಸದ್ದಾಯಿತು. ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು ಕೋಣೆಯ ನಡುವೆ ನಿಂತು, ತಾವಿನ್ನು ನಾಲ್ಕು ಜನ ಪೇಂಟರುಗಳ ಮೇಲ್ವಿಚಾರಕರೆಂದೂ, ಕೋಟು ಹಾಕಿಕೊಳ್ಳದೆ ಹೋದರೆ ಚೆನ್ನಾಗಿರುವುದಿಲ್ಲವೆಂದೂ ಹೇಳಿದರು. ಬುಧವಾರಕ್ಕೆ ಬೇಕಂತೆ. ಎರಡೂ ತೋಳು ಚಾಚಿ ನಿಂತರು.

ಟೈಲರು ಎದ್ದರು, ಟೇಪು ತೆಗೆದರು, ಅಳೆದರು. ಹೋದ ವರ್ಷ ಹಳೆಯ ಶರ್ಟು ಬಿಗಿ ಮಾಡಿಸಿಕೊಂಡಾಗ ಮೂವತ್ತಾರು ಇಂಚು ಇದ್ದ ಮೇಷ್ಟ್ರ ಎದೆ ಈಗ ನಲವತ್ತೊಂದಕ್ಕೆ ಬಂದಿತ್ತು.