ಖಾಜಾಸಾಬನ ವಿಮಾನಕ್ಕೆ ನಾನು ಆರಿಸಿದ ಪರದೆ

ಮನೆಗೆ ಟಿವಿ ಆರಿಸಿ ತಂದವನು ನಾನು. ಶಾಲೆಗೆ ಕಂಪ್ಯೂಟರ್ ಆರಿಸಿದವನೂ ನಾನೇ. ಹೀಗಿರುವಾಗ ಒಂದು ವಿಮಾನಕ್ಕೆ ಪರದೆ ಆರಿಸುವುದು ಎಷ್ಟರ ಕೆಲಸ?

ವಿಮಾನ ನನ್ನದಲ್ಲ, ಗೆಳೆಯ ಖಾಜಾಸಾಬನದು. ಶಹಾಪುರದಲ್ಲಿ ಸುರಪುರ ರಸ್ತೆಗೆ ಅವನ ಟ್ರ್ಯಾಕ್ಟರ್ ರಿಪೇರಿ ಶೆಡ್ಡು. ಕಾಲುವೆಗೆ ನೀರು ಬಂದು ಊರ ತುಂಬ ಟ್ರ್ಯಾಕ್ಟರುಗಳಾದ ಮೇಲೆ ಅವನಿಗೆ ಕೈತುಂಬ ಕೆಲಸ. ಅದರ ನಡುವೆಯೇ ಆರು ವರ್ಷಗಳಿಂದ ಶೆಡ್ಡಿನ ಹಿಂಬದಿಯಲ್ಲಿ ಇಬ್ಬರು ಕೂರುವ ಪುಟ್ಟ ವಿಮಾನವೊಂದನ್ನು ಕೈಯಾರೆ ಕಟ್ಟುತ್ತಿದ್ದ. ರೆಕ್ಕೆ ಕೂತಿತ್ತು, ಎಂಜಿನ್ ಕೂತಿತ್ತು. ವೇಗ, ಎತ್ತರ, ವಾಲಿದ್ದು ಇವನ್ನೆಲ್ಲ ತೋರಿಸುವ ಸಲಕರಣೆ ಮಾತ್ರ ಬಾಕಿ.

"ಗುಂಡನ ಮೀಟರ್ ಹಾಕಿಬಿಡ್ತೀನ್ರಿ ಮಾಸ್ತರ್, ಹಳೀ ನಮೂನಿ," ಎಂದ.

ಹೈಸ್ಕೂಲಿನ ವಿಜ್ಞಾನ ಮಾಸ್ತರನಾದ ನನಗೆ ಇದನ್ನು ಸಹಿಸಲಾಗಲಿಲ್ಲ. "ಯಾವ ಕಾಲದಾಗ ಅದೀಯೋ ಖಾಜಾ? ಈಗ ಎಲ್ಲಾ ಒಂದೇ ಪರದೆ ಮ್ಯಾಲ ಬರ್ತದ. ನಾ ಆರಿಸ್ತೀನಿ, ನೀ ಸುಮ್ಕ ಕುಂಡ್ರು!"

ಅವನು ಸುಮ್ಮನೆ ಕೂತ. ಅದೇ ಅವನು ಮಾಡಿದ ತಪ್ಪು.

ಒಂದು ವಾರ ಆಳವಾದ ಸಂಶೋಧನೆ ನಡೆಸಿದೆ. ಅಂದರೆ ಮೂರು ಪರದೆಗಳ ಚಿತ್ರ ನೋಡಿದೆ. ಸಣ್ಣದು, ನಡುವಿನದು, ದೊಡ್ಡದು. ದೊಡ್ಡದರಲ್ಲಿ ಆಕಾಶ ನೀಲಿಯಾಗಿ, ನೆಲ ಕಂದು ಬಣ್ಣದಲ್ಲಿ ಮಿನುಗುತ್ತಿತ್ತು. ಮನಸ್ಸು ಅಲ್ಲೇ ಜಾರಿತು. ಜೊತೆಗಿದ್ದ ವಿವರದ ಪುಟಗಳನ್ನು ಓದುವುದು ನನ್ನ ಅನುಭವಕ್ಕೆ ಅವಮಾನವೆನಿಸಿತು!

ನನ್ನ ಹೆಂಡತಿ ಶರಣಮ್ಮ ಹಿಂದಿನಿಂದ ಇಣುಕಿದಳು. "ಏನ್ರಿ, ಇದು ಬಿಸಲಾಗ ಕಾಣ್ತದೇನು? ಮಾಳಿಗಿ ಮ್ಯಾಲ ಸಂಡಿಗಿ ಹಾಕೋವಾಗ ನನ್ನ ಫೋನೇ ಕಾಣಂಗಿಲ್ಲ."

"ಇದು ವಿಮಾನ ಶಾಸ್ತ್ರ, ಸಂಡಿಗಿ ಶಾಸ್ತ್ರ ಅಲ್ಲ!" ಎಂದೆ.

ಅವಳು ನಕ್ಕು ಒಳಗೆ ಹೋದಳು. ಅಷ್ಟಕ್ಕೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಪರದೆ ಬಂತು. ಕೂರಲಿಲ್ಲ! ನಾನು ಗಾಜಿನ ಅಳತೆಯನ್ನಷ್ಟೇ ಹಿಡಿದಿದ್ದೆ; ಅದಕ್ಕೊಂದು ಚೌಕಟ್ಟೂ ಇರುತ್ತದೆಂಬುದು ತಲೆಗೆ ಹೊಳೆದಿರಲಿಲ್ಲ. ಖಾಜಾ ತಗಡು ಕತ್ತರಿಸಿ, ಅಡ್ಡ ಕೂರಬೇಕಾದ್ದನ್ನು ಉದ್ದಕ್ಕೆ ನಿಲ್ಲಿಸಿ ಕೂರಿಸಿದ. ಸ್ವಿಚ್ ಹಾಕಿದರೆ, ಪರದೆಯ ಪ್ರಕಾರ ನಮ್ಮ ವಿಮಾನ ದಣಿದ ಎಮ್ಮೆಯಂತೆ ಮಗ್ಗುಲಾಗಿ ಮಲಗಿತ್ತು. ಪರದೆಯ ಜೊತೆ ಬಂದಿದ್ದ ಪುಸ್ತಕ ನೋಡಿ ಅದನ್ನು ಎಬ್ಬಿಸಿದೆ. ಆಮೇಲೆ ಎತ್ತರದ ಲೆಕ್ಕಕ್ಕೆ ಬೇಕಾದ ಗಾಳಿಯ ಒತ್ತಡದ ಅಂಕಿಯನ್ನು ತಪ್ಪಾಗಿ ಕೊಟ್ಟೆ.

"ಮಾಸ್ತರ್, ನೆಲದ ಕೆಳಗ ನೂರು ಫೂಟ್ ಅಂತ ತೋರಸಾಕತ್ತದ. ನಾವು ಬೋರ್‌ವೆಲ್‌ನಾಗ ಅದೀವೇನ್ರಿ?"

ಅದನ್ನೂ ಸರಿಪಡಿಸಿದೆ. ಕೊನೆಗೆ ವಿಮಾನ ಸಮವಾಗಿ ನಿಂತಾಗ ಒಂದು ಗುಂಡಿ ಒತ್ತಿ "ಇದೇ ಸಮ" ಎಂದು ಪರದೆಗೆ ಕಲಿಸಬೇಕಿತ್ತು. ಶೆಡ್ಡಿನಲ್ಲೇ ಒತ್ತಿದೆ. ಗುರುವಾಗಿ ಇಷ್ಟು ವರ್ಷ ಕಲಿಸಿದವನಿಗೆ ಇದೇನು ಮಹಾ!

ಭಾನುವಾರ ಯಾದಗಿರಿಯಿಂದ ಬಸವರಾಜಪ್ಪನವರು ಬಂದರು. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ಅವರು ಒಪ್ಪಿದರೆ ಮುಂದಿನ ಪರವಾನಗಿಯ ಕಾಗದಪತ್ರಕ್ಕೆ ನೆರವಾಗುವರು. ಒಪ್ಪದಿದ್ದರೆ ಖಾಜಾನ ಆರು ವರ್ಷ ಶೆಡ್ಡಿನಲ್ಲೇ ಧೂಳು ತಿನ್ನಬೇಕು. ಹಾರಿಸಲು ಸರಕಾರದ ಅಪ್ಪಣೆ ಬೇಕು. ನೆಲದ ಮೇಲೆ ಓಡಿಸಿ ತೋರಿಸಲು ಹೊಲದವರ ಅಪ್ಪಣೆ ಸಾಕಿತ್ತು. ರೆಕ್ಕೆ ಬಿಚ್ಚಿ, ಟ್ರಾಲಿಯಲ್ಲಿ ಹೇರಿ, ದೇವಾಪುರದ ಹತ್ತಿರ ಕಾಲುವೆ ಬದಿಯ ಬಯಲಿಗೆ ಸಾಗಿಸಿ ಮತ್ತೆ ಜೋಡಿಸುವ ಹೊತ್ತಿಗೆ ನಡುಮಧ್ಯಾಹ್ನ. ನೋಡಲು ಅರ್ಧ ಊರು ಸೇರಿತ್ತು. ಶರಣಮ್ಮ ಬುತ್ತಿ ಕಟ್ಟಿಕೊಂಡು ಬಂದಿದ್ದಳು.

ಖಾಜಾ ಓಡಿಸಲು ಕೂತ, ನಾನು ಪಕ್ಕದಲ್ಲಿ. "ವೇಗ ಸೊನ್ನಿ ತೋರಿಸ್ತದೇನು?" ಎಂದು ಬಸವರಾಜಪ್ಪನವರು ಹೊರಗಿನಿಂದ ಕೂಗಿದರು.

ನೋಡಿದೆ. ಪರದೆಯಲ್ಲಿ ನನ್ನದೇ ಮುಖ! ಕನ್ನಡಕ, ಮೀಸೆ, ಬೆವರು, ಎಲ್ಲ ಸ್ಪಷ್ಟ. ವೇಗ ಮಾತ್ರ ಇಲ್ಲ.

"ಬಿಸಲಿಗಿ ಕಾಣವಲ್ದರಿ!" ಎಂದೆ.

ಶರಣಮ್ಮ ಕೂರಲು ಹಾಸಿದ್ದ ಕರಿ ಕಂಬಳಿಯನ್ನು ಕೊಡವಿ ತಂದು ನನ್ನ ಕೈಗಿತ್ತಳು. ಸಂಡಿಗೆಯ ಮಾತೆತ್ತಲಿಲ್ಲ. ಎತ್ತಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ತಲೆಗೂ ಪರದೆಗೂ ಸೇರಿಸಿ ಕಂಬಳಿ ಹೊದ್ದೆ. ಈಗ ಎಲ್ಲ ಚೆನ್ನಾಗಿ ಕಂಡಿತು! ಖಾಜಾ ಎಂಜಿನ್ ಏರಿಸಿದ. ವಿಮಾನ ಓಡತೊಡಗಿತು. ನಾನು ಒಳಗಿನಿಂದ ವೇಗ ಕೂಗುತ್ತಿದ್ದೆ. ಹೊರಗೆ ಜನ ಕೇಕೆ ಹಾಕುತ್ತಿದ್ದರು. ಅಷ್ಟರಲ್ಲಿ ಕಣ್ಣು ಪರದೆಯಲ್ಲಿ ವಾಲಿದ್ದನ್ನು ತೋರಿಸುವ ಅಡ್ಡಗೆರೆಯ ಮೇಲೆ ಬಿತ್ತು.

"ಖಾಜಾ, ಎಡಕ್ಕ ವಾಲಾಕತ್ತೀವೋ! ಬಲಕ್ಕ ತಿರುಗ್ಸು!"

"ನೆಟ್ಟಗ ಅದೀವಲ್ರಿ ಮಾಸ್ತರ್!"

"ಯಂತ್ರ ಸುಳ್ಳು ಹೇಳ್ತದೇನು? ಬಲಕ್ಕ!"

ಕಣ್ಣಿಗೆ ಕಂಡದ್ದನ್ನು ಬಿಟ್ಟು ಅವನು ಮಾಸ್ತರನ ಮಾತು ಕೇಳಿದ. ಬಲಕ್ಕೆ ಭತ್ತದ ಗದ್ದೆ ಇತ್ತು. ಕಾಲುವೆ ನೀರು ತುಂಬಿ ಮಡುಗಟ್ಟಿತ್ತು. ದಡಾರನೆ ಇಳಿದೆವು!

ಕಂಬಳಿ ಸರಿಸಿದಾಗ ಇಬ್ಬರಿಗೂ ಒಂದೂ ಗಾಯವಿರಲಿಲ್ಲ, ಮೈತುಂಬ ಕೆಸರು. ಎದುರಿಗೆ ಒಂದು ಬೆಳ್ಳಕ್ಕಿ ನಮ್ಮನ್ನೇ ನೋಡುತ್ತ ನಿಂತಿತ್ತು. ಖಾಜಾನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆರು ವರ್ಷದ ಅವನ ಕನಸನ್ನು ಒಂದು ಕೂಗಿನಲ್ಲಿ ಗದ್ದೆಗೆ ನಾಟಿ ಮಾಡಿದ್ದೆ.

ಟ್ರ್ಯಾಕ್ಟರ್ ಕಟ್ಟಿ ವಿಮಾನವನ್ನು ಎಳೆದರು. ಬಸವರಾಜಪ್ಪನವರು ಗಾಲಿ, ಬೆಸುಗೆ, ರೆಕ್ಕೆಯ ಬೋಲ್ಟು ಒಂದೊಂದನ್ನೂ ಮುಟ್ಟಿ ನೋಡಿದರು. ಪರದೆಗೆ ಸಮ ಎಲ್ಲಿ ಕಲಿಸಿದಿರೆಂದು ಕೇಳಿದರು. ಶೆಡ್ಡಿನಲ್ಲಿ ಎಂದೆ. ಖಾಜಾ ಹಣೆ ಚಚ್ಚಿಕೊಂಡ. ಟ್ರ್ಯಾಕ್ಟರ್ ತೊಳೆದ ನೀರು ಹರಿದುಹೋಗಲೆಂದು ಶೆಡ್ಡಿನ ನೆಲವನ್ನು ಬಲಕ್ಕೆ ಇಳಿಜಾರು ಮಾಡಿಸಿದ್ದ! ಆ ಇಳಿಜಾರನ್ನೇ ಪರದೆ ಸಮವೆಂದು ನಂಬಿತ್ತು. ನಿಜವಾದ ಸಮ ನೆಲದಲ್ಲಿ ನಿಂತರೆ ಎಡಕ್ಕೆ ವಾಲಿದಂತೆ ತೋರಿಸುತ್ತಿತ್ತು. ಪಾಪದ್ದು, ನಾನು ಕಲಿಸಿದ್ದನ್ನು ಕಲಿತಿತ್ತು.

"ಈ ಪರದೆ ಆರಿಸಿದವರು ಯಾರು?" ಬಸವರಾಜಪ್ಪನವರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಖಾಜಾ ಹೇಳಿದ, "ಇಬ್ಬರೂ ಕೂಡಿ ಆರಿಸೀವ್ರಿ ಸಾಹೇಬ್ರ."

ಅವರು ನಕ್ಕರು. "ವಿಮಾನ ಭಾಳ ಚಲೋ ಕಟ್ಟೀಯಪ್ಪ. ಇಷ್ಟು ಜೋರ್ ಬಿದ್ರೂ ಒಂದು ಬೆಸುಗಿ ಬಿಟ್ಟಿಲ್ಲ. ಪರದೆ ತೆಗಿ, ಮೀಟರ್ ಹಾಕು. ಕಾಗದ ನಾ ನೋಡ್ಕೋತೀನಿ."

ಖಾಜಾ ಕೆಸರು ಕೈಯಲ್ಲೇ ನನ್ನನ್ನು ತಬ್ಬಿಕೊಂಡ. ಬದುವಿನ ಮೇಲೆ ಕೂತು ಎಲ್ಲರೂ ರೊಟ್ಟಿ, ಪುಂಡಿಪಲ್ಯ ತಿಂದೆವು. ಅಂಥ ರುಚಿಯ ಊಟ ನಾನು ಉಂಡದ್ದು ಕಡಿಮೆ.

ಹದಿನೈದು ದಿನ ಕಳೆದು ಖಾಜಾನ ಫೋನು ಬಂತು. "ಮಾಸ್ತರ್, ಸೀಟಿನ ಬಟ್ಟಿ ಆರಿಸೋದು ಬಾಕಿ ಅದರಿ."

ನನ್ನ ಎದೆಯುಬ್ಬಿತು. ಇಷ್ಟಾದರೂ ನನ್ನ ಮೇಲೆ ನಂಬಿಕೆ! "ಈಗ ಬಂದೆ!" ಎಂದು ಅಂಗಿ ತೊಟ್ಟೆ.

"ಅಲ್ರಿ," ಎಂದ ಮೆಲ್ಲಗೆ, "ಅಕ್ಕಾರ್ನ ಕಳಸ್ರಿ."

ಶರಣಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಶೆಡ್ಡಿನ ಬಾಗಿಲಿಗೆ ಬಿಟ್ಟೆ. ಬೈಕು ಮಾತ್ರ ನಾನೇ ಓಡಿಸಿದೆ. ಎಲ್ಲಿ ತಿರುಗಬೇಕೆಂದು ಅವಳು ಹಿಂದಿನಿಂದ ಹೇಳುತ್ತಿದ್ದಳು!