ನಮ್ಮನೆಯ ಎರಡು ವಿ-ಲ್ಯಾನ್

ನಮ್ಮತ್ತಿಗೆಯ ಕಣ್ಣಿಗೆ ನಾವ್ಯಾರೂ ಮನುಷ್ಯರಲ್ಲ, ಪೋರ್ಟುಗಳು! ಈ ಮಾತನ್ನು ಅವಳ ಎದುರಿಗೇ ಹೇಳಿದ್ದೇನೆ. "ಅಂಗಂತ ಬೇಜಾರ್ ಮಾಡ್ಕೋಬ್ಯಾಡ ಕಣಮ್ಮ, ನೀನು ಒಳ್ಳೇ ಪೋರ್ಟು" ಎಂದು ಸಮಾಧಾನ ಮಾಡಿದಳು.

ಅವಳು ಅಣ್ಣನ ಕೈಹಿಡಿದು ಬಂದ ಕ್ಯಾಸಂಬಳ್ಳಿಯ ಹುಡುಗಿ. ದಿನಾ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ನ ಒಂದು ಕಾರ್ಖಾನೆಗೆ ಹೋಗುತ್ತಾಳೆ. ಅಲ್ಲಿನ ಕಂಪ್ಯೂಟರು, ಕ್ಯಾಮೆರಾಗಳ ಜಾಲ ನೋಡಿಕೊಳ್ಳುವುದು ಅವಳ ಕೆಲಸ. ಜಾಲದ ನಡುವೆ ಸ್ವಿಚ್ ಇರುತ್ತದಂತೆ. ದೀಪದ ಸ್ವಿಚ್ಚಲ್ಲ ಸ್ವಾಮಿ! ಸಾಲಾಗಿ ತೂತುಗಳಿರುವ, ತೂತಿಗೊಂದು ವೈರು ಸಿಕ್ಕಿಸಿದ ಪೆಟ್ಟಿಗೆ. ಆ ತೂತೇ ಪೋರ್ಟು.

ಮದುವೆಯಾಗಿ ಬಂದ ವಾರದಲ್ಲೇ ಅವಳು ನಮ್ಮ ಮನೆಯ ರೋಗ ಕಂಡುಹಿಡಿದಳು. ಅಪ್ಪನೂ ಚಿಕ್ಕಪ್ಪನೂ ಒಂದೇ ಜಗಲಿಯ ಮೇಲೆ ಅಕ್ಕಪಕ್ಕ ಕೂರುತ್ತಾರೆ, ಮಾತಿಲ್ಲ. ಮದುವೆಯಾಗದ ಚಿಕ್ಕಪ್ಪ ಹಿತ್ತಲ ಕೋಣೆಯಲ್ಲಿರುವವನು. ಅವನು ಮಂಚ ಹಾಕಿಕೊಂಡು ಮಲಗುತ್ತಿದ್ದ ಹೊಂಗೆ ಮರವನ್ನು, ಕೊಟ್ಟಿಗೆ ದೊಡ್ಡದು ಮಾಡಲೆಂದು ಅಪ್ಪ ಹಿಂದೊಮ್ಮೆ ಕಡಿಸಿಬಿಟ್ಟಿದ್ದ. ಮರ ಹೋಯಿತೆಂದು ಚಿಕ್ಕಪ್ಪನಿಗೆ ಸಿಟ್ಟಲ್ಲ. "ನನ್ನ ಒಂದ್ ಮಾತು ಕೇಳ್ಲಿಲ್ವಲ್ಲ!" ಇಷ್ಟೇ. ಆಮೇಲೆ ಇಬ್ಬರೂ ಹಸುಗಳ ಜೊತೆ ಬೇಕಾದಷ್ಟು ಮಾತಾಡಿದರು, ತಮ್ಮತಮ್ಮಲ್ಲಿ ಮಾತ್ರ ಇಲ್ಲ.

"ಇದು ವಿ-ಲ್ಯಾನ್ ಕಣಮ್ಮ!" ಅತ್ತಿಗೆ ಕಣ್ಣರಳಿಸಿದಳು. "ಒಂದೇ ಪೆಟ್ಟಿಗೆ, ಪಕ್ಕಪಕ್ಕದ ಪೋರ್ಟು. ಆದ್ರೂ ಬ್ಯಾರೆ ಬ್ಯಾರೆ ಗುಂಪಿಗೆ ಆಕ್ಬಿಟ್ರೆ ಒಬ್ಬರ್ದು ಒಬ್ರಿಗೆ ಕೇಳ್ಸಲ್ಲ. ಮಧ್ಯೆ ಈಕಡೇದು ಆಕಡೆ ಸಾಗ್ಸೋ ರೌಟರ್ ಇದ್ರೇನೇ ಮಾತು."

ರೌಟರ್ ಯಾರಾಗಬೇಕು? ಇನ್ಯಾರು, ಅವಳೇ!

"ಪೇಪರ್ ಓದಿ ಮುಗ್ಸಿದ್ರೆ ಕೊಡಾಕೆ ಏಳಮ್ಮ" ಎನ್ನುವನು ಚಿಕ್ಕಪ್ಪ, ಅಪ್ಪನ ಕಿವಿಯ ಪಕ್ಕದಲ್ಲೇ. ಅತ್ತಿಗೆ ಗಂಭೀರವಾಗಿ ತಿರುಗಿ, "ಮಾವ, ಪೇಪರ್ ಬೇಕಂತೆ" ಎನ್ನುವಳು.

"ಇನ್ನೂ ರಾಶಿಭವಿಷ್ಯ ಓದಿಲ್ಲ ಅಂತ ಏಳಮ್ಮ."

"ಚಿಕ್ಕಮಾವ, ಇನ್ನೂ ರಾಶಿಭವಿಷ್ಯ ಓದಿಲ್ವಂತೆ."

"ಇಬ್ರುದೂ ಒಂದೇ ರಾಶಿ, ಜೋರಾಗಿ ಓದಾಕೆ ಏಳು!"

ಒಂದಕ್ಷರ ಆಚೀಚೆ ಮಾಡದೆ ಸಾಗಿಸುತ್ತಿದ್ದಳು. "ಸ್ವಲ್ಪ ಸಿಹಿ ಸೇರ್ಸಿ ಏಳಬಾರ್ದೇನೆ?" ಎಂದು ಅಮ್ಮ ಗೋಗರೆದರೆ, "ರೌಟರ್ ಮಾತು ತಿದ್ದೋ ಅಂಗಿಲ್ಲ ಅತ್ತೆ" ಎಂಬ ಉತ್ತರ!

ಆಮೇಲೆ ಅವಳ ಕಣ್ಣು ಅಡುಗೆಮನೆಯ ಮೇಲೆ ಬಿತ್ತು. ಅಮ್ಮ ಎಲ್ಲರ ಹೆಸರಿಗೂ ಮುದ್ದೆ ಕಟ್ಟಿಡುತ್ತಿದ್ದಳು. ಯಾರು ಉಂಡರೋ ಬಿಟ್ಟರೋ, ಉಳಿದದ್ದು ಹಸುಗಳಿಗೆ. ನಮ್ಮ ಹಸುಗಳು ಮನೆಯವರಿಗಿಂತ ದುಂಡಗಿದ್ದವು!

"ಇನ್ಮೇಲೆ ಮಲ್ಟಿಕಾಸ್ಟ್ ಅತ್ತೆ" ಎಂದಳು. "ಫ್ಯಾಕ್ಟರೀಲಿ ಕ್ಯಾಮೆರಾ ಚಿತ್ರ ಬೇಕು ಅಂದ ಪೋರ್ಟಿಗೆ ಮಾತ್ರ ಓಗ್ತದೆ. ಸ್ವಿಚ್ಚು ಆಗಾಗ ಯಾರ್ಗೆ ಬೇಕು ಅಂತ ಕೇಳ್ತಾನೇ ಇರ್ತದೆ. ಉತ್ರ ಬರ್ಲಿಲ್ವಾ, ಬಂದ್!"

ಅಂದಿನಿಂದ ಸಂಜೆ ಅಂಗಳದ ನಡುವೆ ನಿಂತು ಕೂಗುವುದು ಶುರುವಾಯಿತು: "ಊಟಕ್ಕೆ ಯಾರ್ಯಾರು?" 'ನಾನು' ಎಂದವರಿಗೆ ಮುದ್ದೆ. ಚಿಕ್ಕಪ್ಪ ಮೊದಲ ದಿನ ಬಿಗುಮಾನದಿಂದ ಸುಮ್ಮನಿದ್ದ. ಮುದ್ದೆ ನಿಜಕ್ಕೂ ಬರಲಿಲ್ಲ! ಮರುದಿನ "ನಾನೂ!" ಎಂದು ಎಂಥ ಕೂಗು ಹಾಕಿದನೆಂದರೆ ಮಲಗಿದ್ದ ಹಸುಗಳು ಎದ್ದು ನಿಂತವು.

ಹೋದ ತಿಂಗಳು ಒಂದು ಸಂಜೆ ಅತ್ತಿಗೆಯ ಫೋನು ಬಂತು. ಕಾರ್ಖಾನೆಯಲ್ಲಿ ಯಾರೋ ಸ್ವಿಚ್ಚಿನ ಸೆಟ್ಟಿಂಗ್ ಅಳಿಸಿಬಿಟ್ಟು, ಎಲ್ಲ ಕ್ಯಾಮೆರಾಗಳ ಚಿತ್ರವೂ ಬೇಕೆಂದವರಿಗೂ ಬೇಡವೆಂದವರಿಗೂ ನುಗ್ಗಿ, ಕಂಪ್ಯೂಟರುಗಳೆಲ್ಲ ಉಸಿರುಗಟ್ಟಿ ಕೂತಿದ್ದವಂತೆ. "ರೈಲಿಗೆ ಬರಾಕಾಗಲ್ಲ ಅತ್ತೆ, ನೀವು ಉಣ್ರಿ" ಎಂದಳು. ಅಣ್ಣ ಬೈಕಿನಲ್ಲಿ ಅವಳನ್ನು ಕರೆತರಲು ಹೊರಟ.

ಮುದ್ದೆ ಬೆಂದಿತು, ಸೊಪ್ಪಿನ ಸಾರು ಕುದಿಯಿತು, ಆದರೆ ಅಂಗಳದಲ್ಲಿ ಕೇಳುವವರಿಲ್ಲ! ಅಮ್ಮ ಬಾಯಿ ತೆರೆದಳು. ಅಪ್ಪ ಕೈಯೆತ್ತಿ ತಡೆದು, ತಾನೇ ಎದ್ದು ಅತ್ತಿಗೆ ನಿಲ್ಲುವ ಜಾಗಕ್ಕೆ ಹೋದ. ಹಿತ್ತಲ ಕೋಣೆಯ ಕಡೆ ಮುಖ ಮಾಡಿ ಗಂಟಲು ಸರಿಮಾಡಿಕೊಂಡ.

"ಊಟಕ್ಕೆ ಯಾರ್ಯಾರು?"

ಕೋಣೆಯಲ್ಲಿ ಟೀವಿಯ ಸದ್ದು ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ.

"ನಿನ್ನೇ ಕೇಳ್ತಿರೋದು ಕಣ್ಲಾ" ಎಂದ ಅಪ್ಪ. "ಆವತ್ತೂ ಕೇಳ್ಬೇಕಾಗಿತ್ತು."

ಬಾಗಿಲು ತೆರೆದುಕೊಂಡಿತು. "ನಾನೂ, ಅಣ್ಣ" ಎಂದ ಚಿಕ್ಕಪ್ಪ. ಈ ಸಲ ಯಾವ ಹಸುವೂ ಏಳಲಿಲ್ಲ, ಅಷ್ಟು ಮೆತ್ತಗೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅತ್ತುಬಿಟ್ಟೆ, ಮುಚ್ಚಿಡುವುದೇನು?

ಅತ್ತಿಗೆ ಬಂದಾಗ ಇಬ್ಬರೂ ಅಕ್ಕಪಕ್ಕ ಉಣ್ಣುತ್ತಿದ್ದರು, ಕೊಟ್ಟಿಗೆಯ ಪಕ್ಕ ಹೊಸ ಹೊಂಗೆ ಸಸಿ ಎಲ್ಲಿ ನೆಡಬೇಕೆಂದು ಜಗಳವಾಡುತ್ತ! ಅವಳು ಹೊಸಿಲ ಮೇಲೇ ನಿಂತುಬಿಟ್ಟಳು.

"ಏನಮ್ಮಾ ರೌಟರ್ರು, ಊಟಕ್ಕೆ ನೀನೂ ಇದೀಯೇನು?" ಎಂದು ಚಿಕ್ಕಪ್ಪ ಕೇಳಿದ.

ಎಲ್ಲದಕ್ಕೂ ನಾಲಿಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡಿರುವ ಅತ್ತಿಗೆಗೆ ಮಾತೇ ಹೊರಡಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಉತ್ತರ ಬರದಿದ್ದರೂ ಅಪ್ಪ ಅವಳ ತಟ್ಟೆಗೆ ಮುದ್ದೆ ಹಾಕಿದ.